‘ರಾಮಾಯಣ’ ಮೊದಲ ದಿನ: ಬೆಂಗಳೂರೋ, ದಾವಣಗೆರೆಯೋ?

ಬೆಣ್ಣೆದೋಸೆ: ನಿತೇಶ್ ತಿವಾರಿ ಅವರ ‘ರಾಮಾಯಣ’ದ ಮೊದಲ ಭಾಗ 2026ರ ದೀಪಾವಳಿಗೆ ಎಂದು ಪ್ರಕಟಿಸಿದ್ದಾರೆ. ಯಶ್ ರಾವಣನಾಗಿರುವಾಗ ಮನೆಯಲ್ಲಿ ಕುಳಿತಿರಲು ಸಾಧ್ಯವೇ? ಬೆಂಗಳೂರಿಗೆ ಹೋಗಿ ದೈತ್ಯ ತೆರೆಯ ಐಮ್ಯಾಕ್ಸ್‌ನಲ್ಲಿ ನೋಡಲೋ, ದಾವಣಗೆರೆಯಲ್ಲೇ ನೋಡಲೋ? ಜೊತೆಗೆ ಅಪ್ಪ ಬರುತ್ತಾರೆ. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು, ಹಿಂದಿಯೂ ಬಾರದು. ದೊಡ್ಡ ಚಿತ್ರಗಳ ಮೊದಲ ದಿನದ ಆಟಕ್ಕೆ ಹೋಗಿ ಬಂದವರು ಅನುಭವ ತಿಳಿಸಿ.

ಮೊದಲಸಾಲು: ಬೆಂಗಳೂರು. ಎರಡು ಮಾತಿಲ್ಲ. 2022ರ ಏಪ್ರಿಲ್ 14ರಂದು ‘ಕೆಜಿಎಫ್ 2’ ನೋಡಲು ಚಿತ್ರದುರ್ಗದಿಂದ ರಾತ್ರಿ ಬಸ್ಸು ಹಿಡಿದವನು ನಾನು. ಟಿಕೆಟ್ ₹800, ಆನ್‌ಲೈನ್ ಶುಲ್ಕ ಬೇರೆ. ಸ್ನಾನ ಮಾಡಿ ಬಟ್ಟೆ ಬದಲಿಸುವುದಕ್ಕೆಂದೇ ಮೆಜೆಸ್ಟಿಕ್ ಬಳಿ ₹700 ಕೊಟ್ಟು ಕೋಣೆ ಹಿಡಿದೆ. ಬಿಸಿನೀರು ಏಳು ಗಂಟೆಯ ಮೇಲಂತೆ, ನನ್ನ ಆಟ ಆರೂವರೆಗೆ! ತಣ್ಣೀರು ಸುರಿದುಕೊಂಡು ಓಡಿದೆ. ಆಟೋಗೆ ₹250. ಒಳಗೆ ಪಾಪ್‌ಕಾರ್ನ್ ₹380. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಬಾಗಿಲಲ್ಲೇ ಕಸಿದುಕೊಂಡರು. ಅಷ್ಟಾದರೂ ಯಶ್ ರಾಕಿಯಾಗಿ ತೆರೆಗೆ ಬಂದಾಗ ಎದ್ದ ಕೂಗಿಗೆ ಬೆಲೆ ಕಟ್ಟುವವರು ಯಾರು? ಎರಡನೇ ದಿನ ನೋಡುವವರು ಸಿನಿಮಾ ನೋಡುವುದಿಲ್ಲ, ಕಥೆ ಕೇಳುತ್ತಾರೆ.

ವಾರದರಜೆ: ಬೆಂಗಳೂರೋ ದಾವಣಗೆರೆಯೋ ಆಮೇಲಿನ ಮಾತು. ದಿನಾಂಕವನ್ನು ನಂಬಬೇಡಿ. ಯಶ್ ಅವರದೇ ‘ಟಾಕ್ಸಿಕ್’ 2025ರ ಏಪ್ರಿಲ್ 10ಕ್ಕೆ ಎಂದು 2023ರ ಡಿಸೆಂಬರ್‌ನಲ್ಲೇ ಘೋಷಿಸಿದ್ದರು. ನಾನು ಕಚೇರಿಯಲ್ಲಿ ಗುರುವಾರ, ಶುಕ್ರವಾರ ರಜೆ ಬರೆದು, ಹುಬ್ಬಳ್ಳಿಯಿಂದ ನಾಲ್ವರಿಗೆ ಸ್ಲೀಪರ್ ಕಾಯ್ದಿರಿಸಿದೆ. ಮಾರ್ಚ್‌ನಲ್ಲಿ ಹೊಸ ದಿನಾಂಕ ಬಂತು: 2026ರ ಮಾರ್ಚ್ 19! ರದ್ದತಿಗೆ ತಲೆಗೆ ₹120ರಂತೆ ₹480 ಹೋಯಿತು. ಕೋಣೆಯ ಮುಂಗಡ ₹1,000 ಹಿಂದಿರುಗಿಸಲೇ ಇಲ್ಲ. ಷಡ್ಡಕ ಈಗಲೂ ಹಬ್ಬದೂಟಕ್ಕೆ ಕುಳಿತಾಗ ‘ಏಪ್ರಿಲ್ ಹತ್ತು ಯಾವಾಗ?’ ಎಂದು ಕೇಳುತ್ತಾನೆ.

ಗಾಂಧಿಕ್ಲಾಸ್: ಮೊದಲಸಾಲು ರಾಯರೇ, ಪಾಪ್‌ಕಾರ್ನಿಗೆ ಕೊಟ್ಟ ಹಣದಲ್ಲಿ ನಮ್ಮೂರಲ್ಲಿ ಮೂವರು ಬಾಲ್ಕನಿಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಟಿಕೆಟ್ ₹100, ಅದಕ್ಕೆ ಜಿಎಸ್‌ಟಿಯೂ ಶೇ 5. ನೂರು ದಾಟಿದರೆ ಶೇ 18. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ ದರಕ್ಕೆ ₹200ರ ಮಿತಿ ಹೇರಿದಾಗ ಕುಣಿದಾಡಿದವರು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟ ಮೇಲೆ ಎಲ್ಲಿ ಹೋದಿರಿ? ನಿಮ್ಮಂಥವರು ಎಂಟುನೂರು ಕೊಡುವುದರಿಂದಲೇ ಅವರು ಎಂಟುನೂರು ಕೇಳುವುದು.

ಮೊದಲಸಾಲು: ನನ್ನ ಸಂಬಳ, ನನ್ನ ಪಾಪ್‌ಕಾರ್ನ್. ನಿಮ್ಮ ಬಾಲ್ಕನಿಯಲ್ಲಿ ಮಳೆ ಬಂದರೆ ಸಂಭಾಷಣೆ ಕೇಳಿಸುತ್ತದೆಯೇ ಎಂಬುದನ್ನೂ ಬರೆಯಿರಿ.

ಕನ್ನಡದಲ್ಲೇ: ಯಾವ ಊರು ಎಂಬುದಕ್ಕಿಂತ ಯಾವ ಭಾಷೆ ಎಂದು ಮೊದಲು ನೋಡಿ. 2022ರ ಮಾರ್ಚ್‌ನಲ್ಲಿ ‘ಆರ್‌ಆರ್‌ಆರ್’ ಕನ್ನಡದಲ್ಲಿದೆ ಎಂದು ಅಮ್ಮನನ್ನು ಕರೆದುಕೊಂಡು ಹೊರಟೆ. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ತೆಲುಗು. ಕನ್ನಡದ ಆಟ ಸಿಕ್ಕಿದ್ದು ಊರಾಚೆ, ಅದೂ ಮಧ್ಯಾಹ್ನ. ಹೋಗಿ ಬರಲು ಟ್ಯಾಕ್ಸಿಗೇ ₹1,100. ಅಮ್ಮ ಒಂದೇ ಒಂದು ಸಲವೂ ‘ಏನಂದ?’ ಎಂದು ಕೇಳದೆ ಮೂರು ಗಂಟೆ ನೋಡಿದರು. ಆ ಹಣ ನನಗೆ ಲೆಕ್ಕಕ್ಕಿಲ್ಲ.

ಗಾಂಧಿಕ್ಲಾಸ್: ಬಂದರು ಡಬ್ಬಿಂಗ್ ಪ್ರಿಯರು. ಹೊರಗಿನ ದೊಡ್ಡ ಚಿತ್ರ ಕನ್ನಡದಲ್ಲಿ ಬಂದ ವಾರ ನಮ್ಮ ಹೊಸ ನಿರ್ದೇಶಕನಿಗೆ ಒಂದು ಬೆಳಗಿನ ಆಟವೂ ಸಿಗುವುದಿಲ್ಲ. ಹಿರಿಯರು ಬೀದಿಗಿಳಿದು ಡಬ್ಬಿಂಗ್ ತಡೆದದ್ದು ಸುಮ್ಮನೆ ಅಲ್ಲ.

ಕನ್ನಡದಲ್ಲೇ: ಹಾಗೆ ತಡೆದದ್ದಕ್ಕೇ 2015ರಲ್ಲಿ ಸ್ಪರ್ಧಾ ಆಯೋಗ ಫಿಲಂ ಚೇಂಬರ್‌ಗೆ ದಂಡ ಹಾಕಿದ್ದು. ಡಬ್ಬಿಂಗ್ ಇಲ್ಲದಿದ್ದರೆ ನಮ್ಮಮ್ಮ ಹೊಸಬರ ಚಿತ್ರಕ್ಕೆ ಹೋಗುತ್ತಿರಲಿಲ್ಲ ಸ್ವಾಮಿ, ಧಾರಾವಾಹಿ ನೋಡುತ್ತಿದ್ದರು.

ಬೆಣ್ಣೆದೋಸೆ: ಮೊದಲಸಾಲು ಅವರೇ, ನೀವು ಹೋಗಿದ್ದ ಐಮ್ಯಾಕ್ಸ್‌ನಲ್ಲಿ ಲಿಫ್ಟ್‌ನಿಂದ ಆಸನದವರೆಗೆ ಎಷ್ಟು ಮೆಟ್ಟಿಲು?

ಮೊದಲಸಾಲು: ಗಮನಿಸಲಿಲ್ಲ, ನಾನು ಓಡಿಯೇ ಹತ್ತಿದ್ದು. ಗಾಂಧಿಕ್ಲಾಸ್ ಅವರು ಮಳೆಯ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಗಾಂಧಿಕ್ಲಾಸ್: ದೀಪಾವಳಿಗೆ ಮಳೆ ಎಲ್ಲಿಂದ ಬರುತ್ತದೆ?

ವಾರದರಜೆ: ದೀಪಾವಳಿಗೇ ಬಿಡುಗಡೆಯಾಗುತ್ತದೆ ಎಂದು ನಿಮಗೆ ಯಾರು ಹೇಳಿದರು? ಮೊದಲು ನನ್ನ ಸಾವಿರ ರೂಪಾಯಿ ಮುಂಗಡವನ್ನು ವಸೂಲು ಮಾಡುವ ದಾರಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.