ಪದಚರ್ಚೆ: ‘ಪಾನ್’ ಒಂದೇ, ಬೇರು ಎಷ್ಟು?

ಪ್ರಶ್ನೆ: ಸ್ಪ್ಯಾನಿಷಿನಲ್ಲಿ ‘ಪಾನ್’ ಅಂದರೆ ಬ್ರೆಡ್ಡು. ಪೋಲಿಷಿನಲ್ಲಿ ಅದೇ ‘ಪಾನ್’ ಯಜಮಾನರು, ಶ್ರೀಯುತರು. ಗ್ರೀಕಿನಲ್ಲಿ ಅದಕ್ಕೆ ‘ಎಲ್ಲ’ ಎಂಬ ಅರ್ಥವೂ ಇದೆ, ಆ ಹೆಸರಿನ ದೇವರೂ ಇದ್ದಾನೆ. ಇಂಗ್ಲಿಷಿನ ‘ಪ್ಯಾನ್’ ಬಾಣಲೆ. ರೋಮನ್ ಲಿಪಿಯಲ್ಲಿ ಎಲ್ಲಕ್ಕೂ ಅವೇ ಮೂರು ಅಕ್ಷರ. ಬ್ರೆಡ್ಡು ಬೇಯುವುದು ಬಾಣಲೆಯಲ್ಲಿ, ಅನ್ನ ಹಾಕುವವನು ಯಜಮಾನ, ಎಲ್ಲರನ್ನೂ ಕಾಯುವವನು ದೇವರು. ಹೀಗೆ ಇವನ್ನೆಲ್ಲ ಒಂದೇ ಬೇರಿಗೆ ಕಟ್ಟಬಹುದೇ?

ಉತ್ತರ: ಬರುವುದಿಲ್ಲ. ಅರ್ಥ ಹೊಂದಿಸುತ್ತ ಹೋದರೆ ಯಾವ ಪದವನ್ನು ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು. ‘ಅನ್ನ ಹಾಕುವವನು ಯಜಮಾನ’ ಎಂಬ ಊಹೆ ಇಂಗ್ಲಿಷಿನ ‘ಲಾರ್ಡ್’ ಪದಕ್ಕೆ ಸರಿಯಾಗಿ ಕೂರುತ್ತದೆ. ಅದರ ಹಳೆಯ ರೂಪ ‘ಹ್ಲಾಫ್‌ವೆಅರ್ಡ್’, ರೊಟ್ಟಿ ಕಾಯುವವನು. ಆದರೆ ಒಂದು ಭಾಷೆಯಲ್ಲಿ ಹಾಗಾಯಿತು ಎಂಬುದು ಪೋಲಿಷಿನ ಪಾನ್‌ಗೆ ಸಾಕ್ಷಿಯಾಗುವುದಿಲ್ಲ.

ನಿಘಂಟಿನಲ್ಲಿ ಕಾಣುವ ಪ್ರಥಮಾ ವಿಭಕ್ತಿಯ ಏಕವಚನವನ್ನು ನಂಬಬೇಡಿ, ಹೆಚ್ಚು ಸವೆದಿರುವುದು ಅದೇ. ಮೊದಲು ಬಹುವಚನ ಅಥವಾ ಷಷ್ಠೀ ರೂಪ ನೋಡಿ, ಆಮೇಲೆ ಸೋದರ ಭಾಷೆಗಳನ್ನು, ಕೊನೆಗೆ ಸಿಕ್ಕಷ್ಟು ಹಳೆಯ ಬರಹವನ್ನು.

ಸ್ಪ್ಯಾನಿಷ್ ಪಾನ್‌ನ ಬಹುವಚನ ‘ಪಾನೆಸ್’. ಕೊನೆಯಲ್ಲಿ ಬಿದ್ದುಹೋಗಿದ್ದ ಎಕಾರ ಅಲ್ಲಿ ಹೊರಬಂತು. ಇಟಾಲಿಯನ್ನಿನಲ್ಲಿ ಅದು ಏಕವಚನದಲ್ಲೇ ಉಳಿದು ‘ಪಾನೆ’ ಆಗಿದೆ. ಪೋರ್ಚುಗೀಸಿನವರು ನಕಾರವನ್ನು ಮೂಗಿಗೆ ಏರಿಸಿ ‘ಪಾಂವ್’ ಎನ್ನುತ್ತಾರೆ. ಕತಲಾನಿನಲ್ಲಿ ಬರೀ ‘ಪಾ’, ಬಹುವಚನಕ್ಕೆ ಮಾತ್ರ ನಕಾರ ಮರಳಿ ಬರುತ್ತದೆ. ಎಲ್ಲವೂ ಲ್ಯಾಟಿನ್ನಿನ ‘ಪಾನಿಸ್’ನ ದ್ವಿತೀಯಾ ರೂಪ ‘ಪಾನೆಮ್’ನಿಂದ ಇಳಿದವು. ಒಟ್ಟಿಗೆ ರೊಟ್ಟಿ ತಿನ್ನುವವನು ‘ಕೊಂಪಾನಿಯೊ’. ಅದರ ಸಂತಾನವೇ ‘ಕಂಪನಿ’. ನಾಟಕ ಕಂಪನಿ ಎನ್ನುವಾಗ ನಾವು ಆ ಲ್ಯಾಟಿನ್ ರೊಟ್ಟಿಯನ್ನೇ ಹೆಸರಿಸುತ್ತಿರುತ್ತೇವೆ.

ಬಾಣಲೆಯ ದಾರಿ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಪನ್ನೆ’, ಸ್ವೀಡಿಷಿನಲ್ಲಿ ‘ಪನ್ನಾ’, ಜರ್ಮನ್ನಿನಲ್ಲಿ ‘ಪ್ಫನ್ನೆ’. ಲ್ಯಾಟಿನ್ನಿನ ‘ಪಟಿನಾ’ (ಅಗಲವಾದ ತಟ್ಟೆ) ಆಡುಮಾತಿನಲ್ಲಿ ಸವೆದು ಜರ್ಮನಿಕ್ ಜನರ ಬಾಯಿಗೆ ಬಂತು ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಜರ್ಮನ್ನಿನ ‘ಪ್ಫ’ ಇಲ್ಲಿ ಕಾಲ ಹೇಳುವ ಗಡಿಯಾರ. ದಕ್ಷಿಣದ ಜರ್ಮನ್ ಉಪಭಾಷೆಗಳಲ್ಲಿ ಸುಮಾರು ಆರರಿಂದ ಎಂಟನೇ ಶತಮಾನದೊಳಗೆ ಪದಾದಿಯ ಪಕಾರ ‘ಪ್ಫ’ ಆಯಿತು. ಅದಕ್ಕೂ ಮೊದಲೇ ಬಂದಿದ್ದ ‘ಪೊಂಡೊ’ ಎಂಬ ತೂಕ ‘ಪ್ಫುಂಡ್’ ಆಯಿತು. ತಡವಾಗಿ ಬಂದ ‘ಪೋಸ್ಟ್’, ‘ಪಪೀರ್’ ಹಾಗೇ ಉಳಿದವು. ಗಾಡಿ ಕೆಟ್ಟು ನಿಂತರೆ ಜರ್ಮನ್ನರು ‘ಪನ್ನೆ’ ಎನ್ನುತ್ತಾರೆ. ಅದು ಬಹಳ ಈಚೆಗೆ ಫ್ರೆಂಚಿನಿಂದ ಬಂದದ್ದು, ಆದ್ದರಿಂದಲೇ ಪಕಾರ ಮುಕ್ಕಾಗಿಲ್ಲ. ಪ್ಫನ್ನೆ, ಪನ್ನೆ ಎರಡೂ ಒಂದೇ ಭಾಷೆಯಲ್ಲಿ ಅಕ್ಕಪಕ್ಕ ಇವೆ, ಸಂಬಂಧವಿಲ್ಲ.

ಇದು ನಮಗೆ ಹೊಸದೇನಲ್ಲ. ಹಳಗನ್ನಡದ ಪಾಲ್ ಹಾಲಾದದ್ದು, ಪಣ್ ಹಣ್ಣಾದದ್ದು ಇದೇ ಬಗೆಯ ಗಡಿಯಾರ. ಬೇಗ ಒಳಗೆ ಬಂದ ಸಂಸ್ಕೃತದ ‘ಪರ್ವ’ ಹಬ್ಬವಾಯಿತು, ‘ಪೊಲೀಸ್’ ಪೊಲೀಸಾಗಿಯೇ ಉಳಿಯಿತು.

ಪೋಲಿಷಿನ ಪಾನ್: ಷಷ್ಠಿಯಲ್ಲಿ ‘ಪಾನಾ’, ಹೆಂಗಸಿಗೆ ‘ಪಾನಿ’. ಹಳೆಯ ಚೆಕ್ ಬರಹಗಳಲ್ಲಿ ಇದು ‘ಹ್ಪಾನ್’. ಮುಂದೆ ಒಂದು ವ್ಯಂಜನವಿತ್ತು ಎಂದು ಗೊತ್ತಾದ ಕೂಡಲೇ ರೊಟ್ಟಿ, ಬಾಣಲೆ ಎರಡೂ ಕಣದಿಂದ ಹೊರಗೆ. ಬಳಕೆಯಲ್ಲಿ ಎಡವುವ ಜಾಗವೂ ಒಂದಿದೆ. ಎದುರಿಗಿರುವವರನ್ನೇ ಪಾನ್ ಎಂದು ಕರೆದು ಕ್ರಿಯಾಪದವನ್ನು ಪ್ರಥಮ ಪುರುಷದಲ್ಲಿ ಇಡಬೇಕು. ‘ಗೌಡರು ಊಟ ಮಾಡ್ತಾರಾ?’ ಎಂದು ಗೌಡರ ಮುಂದೆಯೇ ಕೇಳುತ್ತೇವಲ್ಲ, ಹಾಗೆ. ‘ನೀನು’ ರೂಪ ಹಾಕಿದರೆ ಅಪರಿಚಿತರು ಮುಖ ಗಂಟಿಕ್ಕುತ್ತಾರೆ.

ಗ್ರೀಕಿನಲ್ಲಿ ಎರಡು ಪದಗಳಿವೆ. ‘ಎಲ್ಲ’ ಎಂಬ ಪಾನ್‌ಗೆ ಷಷ್ಠಿ ‘ಪಾಂಟೋಸ್’, ಪದದ ಒಡಲಲ್ಲಿ ಟಕಾರವಿದೆ. ಆಡುಕಾಲಿನ ದೇವರಿಗೆ ‘ಪಾನೋಸ್’, ಟಕಾರವಿಲ್ಲ. ಅವನ ಊರಾದ ಅರ್ಕೇಡಿಯದಲ್ಲಿ ಅವನ ಹೆಸರನ್ನು ‘ಪಾಓನ್’ ಎಂದೂ ಬರೆದಿದ್ದಾರೆ. ಎಲ್ಲ ದೇವರುಗಳ ಮನಸ್ಸನ್ನೂ ಹಿಗ್ಗಿಸಿದ್ದರಿಂದ ಆ ಹೆಸರು ಬಂತು ಎಂದು ಹಳೆಯ ಗ್ರೀಕ್ ಸ್ತುತಿಯೇ ಹೇಳುತ್ತದೆ. ಮೂಲಭಾಷೆಯವರೇ ಹೇಳಿದರೂ ಅದು ಜನಪದ ನಿರುಕ್ತಿಯೇ, ಪದ ಹುಟ್ಟಿದ ಬಗೆಗೆ ಜನ ಕಟ್ಟಿಕೊಂಡ ಕಥೆ. ‘ಪ್ಯಾನ್ ಇಂಡಿಯಾ ಸಿನಿಮಾ’ದ ಪ್ಯಾನ್ ಟಕಾರದ ಪಾನ್. ಕ್ಯಾಮೆರಾ ಪ್ಯಾನ್ ಮಾಡುವುದೂ ಅದೇ, ‘ಪನೋರಮಾ’ದ ಮೊಟಕು ರೂಪ. ದೋಸೆಯ ಪ್ಯಾನ್ ಬಾಣಲೆ ವಂಶದ್ದು. ಆದಾಯ ತೆರಿಗೆಯವರ ಪ್ಯಾನ್ ಮೂರು ಮೊದಲಕ್ಷರಗಳ ಕೂಟ. ಬೀಡಾ ಅಂಗಡಿಯ ಪಾನ್ ಸಂಸ್ಕೃತದ ‘ಪರ್ಣ’.

ಕೊನೆಗೆ ಆಕಾರ ಸೇರಿಸಿ ‘ಪನ್ನಾ’ ಮಾಡಿದರೆ ಇನ್ನೂ ಮಜಾ. ಇಟಾಲಿಯನ್ನಿನಲ್ಲಿ ಕೆನೆ (ಬಟ್ಟೆಯಂತೆ ಹಾಲಿನ ಮೇಲೆ ಹರಡುವುದರಿಂದ ‘ಪನ್ನೊ’, ಬಟ್ಟೆ, ಎಂಬುದರಿಂದ ಬಂದಿರಬೇಕು). ಪೋಲಿಷಿನಲ್ಲಿ ಮದುವೆಯಾಗದ ಹುಡುಗಿ, ಕನ್ಯಾರಾಶಿಯೂ ಅದೇ. ಸ್ವೀಡಿಷಿನಲ್ಲಿ ಬಾಣಲೆ, ಹಾಗೇ ಹಣೆ. ಇವೆರಡಕ್ಕೆ ಮಾತ್ರ ಮೂಲ ಒಂದೇ, ತಲೆಬುರುಡೆಯನ್ನು ಬೋಗುಣಿಗೆ ಹೋಲಿಸಿದ್ದು. ಫಿನ್ನಿಷಿನಲ್ಲಿ ‘ಇಡು’ ಎಂಬ ಕ್ರಿಯಾಪದ, ಅದು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಇಂಡೋ-ಯುರೋಪಿಯನ್ ಮನೆತನಕ್ಕೇ ಸೇರಿದ್ದಲ್ಲ. ಅದೇ ಫಿನ್ನಿಷಿನಲ್ಲಿ ನಿಷೇಧ, ಬಹಿಷ್ಕಾರಕ್ಕೂ ಪನ್ನಾ ಎಂದೇ ಹೇಳುತ್ತಾರೆ. ಸ್ವೀಡಿಷಿನ ‘ಬನ್’ ಅಲ್ಲಿಗೆ ಹೋಗಿ ಬಕಾರ ಕಳೆದುಕೊಂಡಿತು. ಹಳೆಯ ಫಿನ್ನಿಷಿಗೆ ಪದಾದಿಯ ಬಕಾರ ಗೊತ್ತಿರಲಿಲ್ಲ.

ಮರುಪ್ರಶ್ನೆ: ಹಾಗಾದರೆ ಪಾವ್ ಭಾಜಿಯ ಪಾವ್? ಬ್ರೆಡ್ಡನ್ನು ನಾಲ್ಕು ಭಾಗ ಮಾಡುವುದರಿಂದ, ಅಂದರೆ ಕಾಲು ಎಂಬರ್ಥದ ಪಾವಿನಿಂದ ಬಂತು ಎನ್ನುತ್ತಾರೆ. ಹಿಟ್ಟನ್ನು ಕಾಲಿನಿಂದ ತುಳಿದು ನಾದುತ್ತಿದ್ದರು ಎನ್ನುವವರೂ ಇದ್ದಾರೆ.

ಉತ್ತರ: ಎರಡೂ ಆಮೇಲೆ ಹೊಸೆದ ಕಥೆಗಳು. ಇದು ಪೋರ್ಚುಗೀಸರ ‘ಪಾಂವ್’. ಗೋವಾ ಅವರ ಕೈಗೆ ಹೋದದ್ದು 1510ರಲ್ಲಿ. ಬ್ರೆಡ್ಡು, ಅದರ ಹೆಸರು ಎರಡೂ ಕೊಂಕಣಿಯಲ್ಲಿ ನೆಲೆಯಾದವು. ಬ್ರೆಡ್ಡು ಸುಡುವವನಿಗೆ ಅಲ್ಲಿ ‘ಪದೇರ್’ ಅಥವಾ ‘ಪೊದೇರ್’ ಎನ್ನುವುದೂ ಪೋರ್ಚುಗೀಸಿನ ‘ಪದೇಯ್ರು’. ಕಸುಬಿನವನ ಹೆಸರೂ ಜೊತೆಗೇ ಬಂದಿರುವಾಗ ಕಾಲು ಭಾಗದ ಕಥೆಗೆ ಜಾಗವಿಲ್ಲ. ಅಕ್ಕಿ ಅಳೆಯುವ ನಮ್ಮ ಪಾವು, ಸೇರಿನ ಕಾಲು ಭಾಗ, ಸಂಸ್ಕೃತದ ‘ಪಾದ’ದಿಂದ ಪ್ರಾಕೃತದ ದಾರಿಯಲ್ಲಿ ಬಂದದ್ದು. ಹಳಗನ್ನಡದ ಪಾವು ಹಾವು, ಅಚ್ಚ ದ್ರಾವಿಡ. ಅಂದರೆ ಕನ್ನಡದ ಒಂದೇ ಉಚ್ಚಾರದಲ್ಲಿ ಮೂರು ಬೇರೆ ಬೇರೆ ಮೂಲದ ಸರಕಿದೆ. ಮೂರರಲ್ಲಿ ಹಕಾರಕ್ಕೆ ತಿರುಗಿದ್ದು ಒಂದೇ. ಉಳಿದೆರಡು ಆ ಬದಲಾವಣೆ ಮುಗಿದ ಮೇಲೆ ಬಂದವು.

ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ. ಯಾವುದಕ್ಕೂ ಸಂಬಂಧವಿಲ್ಲ ಎಂದು ಪೂರ್ತಿ ಬಾಗಿಲು ಹಾಕುವಂತಿಲ್ಲ. ಪಾನಿಸ್‌ನ ಧಾತು ‘ಪಾ’, ಮೇಯಿಸು, ಸಾಕು. ಕುರಿ ಕಾಯುವ ‘ಪಾಸ್ಟರ್’ ಅದರದ್ದೇ. ನಮ್ಮ ಗೋಪ, ಭೂಪಗಳಲ್ಲಿರುವ ಕಾಯುವ ‘ಪಾ’ ಅದೇ ಧಾತು. ಆಡುಕಾಲಿನ ಪಾನ್ ದೇವರನ್ನು ವೇದದ ಪೂಷನ್ನಿಗೆ ಹೋಲಿಸುವ ವಾದವೂ ಇದೆ. ಪೂಷನ್ ದನ ಕಾಯುವವನು, ಅವನ ರಥ ಎಳೆಯುವುದು ಆಡುಗಳು. ಆ ವಾದ ವಿವಾದದಲ್ಲಿದೆ. ಆ ವಾದ ಸರಿ ಎಂದಾದರೆ ರೊಟ್ಟಿಯೂ ಆಡುದೇವರೂ ದೂರದ ನೆಂಟರಾಗುತ್ತವೆ. ಒಂದೇ ಭಾಷೆಯಲ್ಲಿದ್ದ ಎರಡು ಗ್ರೀಕ್ ಪಾನ್‌ಗಳು ಮಾತ್ರ ಪರಕೀಯವಾಗಿಯೇ ಉಳಿಯುತ್ತವೆ.

ಇಲ್ಲಿ ‘ಪಾನ’ವನ್ನು (ಕುಡಿಯುವುದು) ಎಳೆದು ತರಬೇಡಿ. ಗೋಪನ ಪಕಾರವೂ ಮಧುಪನ ಪಕಾರವೂ ಕಣ್ಣಿಗೆ ಒಂದೇ. ಸಂಸ್ಕೃತದಲ್ಲಿ ಎರಡು ಧಾತುಗಳು ಬೆರೆತು ಒಂದೇ ‘ಪಾ’ ಆದವು. ಲ್ಯಾಟಿನ್ ಅವನ್ನು ಬೇರೆಯಾಗಿಯೇ ಇಟ್ಟಿದೆ: ಮೇಯಿಸುವುದು ‘ಪಾಸ್ಕೊ’, ಕುಡಿಯುವುದು ‘ಪೋಟೊ’.