ಮೂರು ತುಂಡಿನ ಅಲಾಯ್ ವೀಲ್: ಪಾಲಿಶ್ ಮಾಡಿ ಮೂರೇ ವಾರಕ್ಕೆ ಬಿಳಿ ಚುಕ್ಕಿ. ಕಾರವಾರ ಕಡೆ ಯಾರಾದರೂ ಮಾಡಿದ್ದೀರಾ?

ಕಾಳಿದಂಡೆ (ಕೋಡಿಬಾಗ, ಕಾರವಾರ), ಮೇ 11

ಎಲ್ಲರಿಗೂ ನಮಸ್ಕಾರ. ಕಾರು 2002ರ ಹೋಂಡಾ ಸಿಟಿ. ಅಪ್ಪ ಕೈಗಾದಲ್ಲಿ ಕೆಲಸದಲ್ಲಿದ್ದಾಗ ಕೊಂಡಿದ್ದು, ಈಗ ನಾನು ನೋಡಿಕೊಳ್ತಾ ಇದ್ದೇನೆ. ಹೋದ ದೀಪಾವಳಿ ಹೊತ್ತಿಗೆ ಮಡಗಾಂವದಲ್ಲಿ ಒಬ್ಬರ ಹತ್ರ 15 ಇಂಚಿನ ಜಪಾನಿ ವೀಲ್ ನಾಲ್ಕು ಸಿಕ್ಕವು. ನಿಜವಾದ ಮೂರು ತುಂಡಿನವು: ನಡುವಿನ ಕಡ್ಡಿ ಭಾಗ, ಹೊರಗಿನ ಲಿಪ್ (ಎದುರಿಗೆ ಕಾಣುವ ಅಂಚಿನ ಬಳೆ), ಒಳಗಿನ ಬ್ಯಾರಲ್ (ಹಿಂದಿನ ಅಗಲ ಬಳೆ), ಮೂರನ್ನೂ ಸುತ್ತ 24 ಸಣ್ಣ ಬೋಲ್ಟ್ ಹಿಡಿದಿವೆ. ಹಿಂದುಗಡೆ ಜೆಡಬ್ಲ್ಯುಎಲ್ ಗುರುತು (ಅಲಾಯ್ ವೀಲ್‌ಗೆ ಜಪಾನಿನ ಮಾನದಂಡದ್ದು), ಪಕ್ಕದಲ್ಲಿ 15×7, ಅಂದರೆ ವ್ಯಾಸ ಮತ್ತು ಅಗಲದ ಇಂಚು, ಅಂತ ಒತ್ತಿದ್ದಾರೆ. ಒಂದೇ ಎರಕದ ಮೇಲೆ ಸುಳ್ಳು ಬೋಲ್ಟ್ ಅಂಟಿಸಿದ ಮಾಲು ಅಲ್ಲ.

ಲಿಪ್ ಮಾತ್ರ ತೀರಾ ಹಾಳಾಗಿತ್ತು. ಮಂಜು ಮಂಜು, ಮೇಲೆ ಬಿಳಿ ಹಿಟ್ಟು ಕಟ್ಟಿದ ಹಾಗೆ. ಮಾರ್ಚ್ ಕೊನೆಗೆ ಟೈರ್ ಬಿಚ್ಚಿಸಿ ಒಂದನ್ನು ಜಗಲಿ ಮೇಲೆ ಇಟ್ಟುಕೊಂಡು ಕೂತೆ. ಬೋಲ್ಟ್ ಬಿಚ್ಚಲಿಲ್ಲ. 1000 ನಂಬರ್ ವಾಟರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ನುಣುಪು), ಆಮೇಲೆ 1500, 2000, ಕೊನೆಗೆ ಡ್ರಿಲ್ ಮಷಿನ್‌ಗೆ ಹತ್ತಿ ಬಫ್ ಹಾಕಿ ಆಟೋಸೋಲ್ ಪಾಲಿಶ್ ಪೇಸ್ಟ್. ನಾಲ್ಕು ಭಾನುವಾರ ಹೋಯ್ತು. ಕೊನೆಯ ದಿನ ಸಂಜೆ ಅದರಲ್ಲಿ ನಮ್ಮ ಮನೆಯ ಹಂಚಿನ ಸಾಲು ಎಣಿಸಬಹುದಿತ್ತು. ಬಾವಿ ನೀರಲ್ಲಿ ತೊಳೆದು ಒರೆಸಿ, ಹಳೇ ಬೆಡ್‌ಶೀಟ್ ಸುತ್ತಿ ಇಟ್ಟೆ.

ಮೂರು ವಾರ ಬಿಟ್ಟು ನಿನ್ನೆ ತೆಗೆದು ನೋಡಿದರೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿಗಳು. ನೂರಾರು ಇವೆ. ಕೆಲವು ಕಡೆ ಚುಕ್ಕಿಯಿಂದ ಕೂದಲೆಳೆಯ ಹಾಗೆ ಗೆರೆ ಹೊರಟಿದೆ. ಕಾರಿಗೆ ಹಾಕಿಯೂ ಇಲ್ಲ, ರಸ್ತೆ ಮುಟ್ಟಿಲ್ಲ! ಎಲ್ಲಿ ತಪ್ಪಿದೆ? ಇನ್ನು ಮೂರು ವೀಲ್ ಬಾಕಿ ಇವೆ. ತಪ್ಪು ತಿಳಿಯದೆ ಅವನ್ನು ಮುಟ್ಟಲು ಮನಸ್ಸಿಲ್ಲ.

ಸೊಪ್ಪಿನಬೆಟ್ಟ (ಸಿರ್ಸಿ), ಮೇ 11

ಕಷ್ಟ ಪಟ್ಟಿದ್ದೀರಿ, ಬೇಜಾರಾಗ್ತದೆ. ನನ್ನದು ಒಂದೇ ತುಂಡಿನ ಮಾಮೂಲಿ ಅಲಾಯ್, ಅದಕ್ಕೆ ಪಾಲಿಶ್ ಮಾಡಿ ಸ್ಪ್ರೇ ಡಬ್ಬಿಯ ಕ್ಲಿಯರ್ ಲ್ಯಾಕರ್ ಹೊಡೆದಿದ್ದೆ. ಸಿರ್ಸಿಯಲ್ಲಿ ಎರಡು ಮಳೆಗಾಲ ಏನೂ ಆಗಲಿಲ್ಲ. ಆಮೇಲೆ ತಂಗಿ ಮನೆಗೆ ಅಂತ ಕುಮಟಾದಲ್ಲಿ ಆರು ತಿಂಗಳು ಕಾರು ನಿಂತಿತು ನೋಡಿ, ಕಲ್ಲು ತಾಗಿ ಲ್ಯಾಕರ್ ಒಡೆದ ಜಾಗದಿಂದ ಅದರ ಅಡಿಯಲ್ಲೇ ಹುಳ ಹರಿದ ಹಾಗೆ ಬಿಳಿ ಗೆರೆ ಓಡಿದವು. ಮೇಲಿಂದ ಎಷ್ಟು ಒರೆಸಿದರೂ ಹೋಗುವುದಲ್ಲ, ಲ್ಯಾಕರ್ ಪೂರ್ತಿ ಕೆರೆಯಬೇಕಾಯ್ತು.

ನಮ್ಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಬಂಗಾರದ ಹಾಗೆ ಆಗ್ತದೆ. ಆ ಚುಕ್ಕಿಗಳಿಗೂ ಒಮ್ಮೆ ಹಾಗೇ ಮಾಡಿ ನೋಡಬಹುದಾ ಅಂತ ನನಗೊಂದು ಯೋಚನೆ. ತಿಳಿದವರು ಹೇಳಿ.

ಲೇಥ್ ಮಾಮ (ಬಿಣಗಾ), ಮೇ 12

ತಮಾ, ಹುಣಸೆಹಣ್ಣೂ ಬೇಡ, ಬೂದಿಯಂತೂ ಬೇಡವೇ ಬೇಡ. ಹಿತ್ತಾಳೆಯ ಲೆಕ್ಕ ಬೇರೆ, ಅಲ್ಯೂಮಿನಿಯಂ ಲೆಕ್ಕ ಬೇರೆ. ಬೂದಿ ನೀರು ಅಂದರೆ ಕ್ಷಾರ, ಅದು ಅಲ್ಯೂಮಿನಿಯಂ ಅನ್ನು ತಿಂದು ಕಪ್ಪು ಮಾಡ್ತದೆ. ಹುಳಿ ಚುಕ್ಕಿಯ ತೂತಿನೊಳಗೆ ಕೂತರೆ ತೆಗೆಯೋದು ಕಷ್ಟ. ನಾನು ಲೇಥ್ ಮೇಲೆ ಬಹಳ ವರ್ಷ ನಿಂತವನು. ಬೋಟಿನ ಅಲ್ಯೂಮಿನಿಯಂ ಸಾಮಾನು ಎಷ್ಟೋ ಕೈಗೆ ಬಂದಿವೆ, ಅದಕ್ಕೇ ಇಷ್ಟು ಖಡಾಖಡಿ ಹೇಳ್ತಾ ಇದ್ದೇನೆ.

ನಿನ್ನದು ಎರಡು ಕಡೆ ತಪ್ಪಿದೆ.

ಮೊದಲನೇದು, 1000ದಿಂದ ಶುರು ಮಾಡಿದ್ದು. ಲೋಹ ಉಳಿಯಲಿ ಅಂತ ಮಾಡಿದ್ದೀ, ಅರ್ಥ ಆಗ್ತದೆ. ಆದರೆ ಉಪ್ಪು ತಿಂದ ಜಾಗ ಮೇಲಿಂದ ಸಣ್ಣ ಚುಕ್ಕಿಯಾಗಿ ಕಂಡರೂ ಒಳಗೆ ಗುಳಿ. ಸಾವಿರದ ಪೇಪರ್ ಗುಳಿಯ ಬಾಯಿಯನ್ನು ನುಣ್ಣಗೆ ಮಾಡ್ತದೆ ಅಷ್ಟೇ, ತಳಕ್ಕೆ ಹೋಗೋದಿಲ್ಲ. ಮೇಲಿಂದ ಪಾಲಿಶ್‌ನ ಕಪ್ಪು ಮಡ್ಡಿ ಗುಳಿ ತುಂಬಿ ಮುಚ್ಚಿತು, ಅದರ ಅಡಿಗೆ ಉಪ್ಪು ಹಾಗೇ ಉಳಿಯಿತು. ನಮ್ಮ ಗಾಳಿಯಲ್ಲಿರುವ ತೇವಕ್ಕೆ ಉಪ್ಪು ಒದ್ದೆಯಾಗಿಯೇ ಇರ್ತದೆ. ಅಲ್ಯೂಮಿನಿಯಂ ಮೈಮೇಲೆ ತಾನೇ ಕಟ್ಟಿಕೊಳ್ಳುವ ತೆಳು ಪೊರೆಯನ್ನು ಒಡೆಯೋದು ಆ ಉಪ್ಪಿನ ಕ್ಲೋರೈಡೇ.

ಎರಡನೇದು, ನೀನು ಪಾಲಿಶ್‌ಗಿಂತ ಸಣ್ಣದು ಅಂತ ಒಂದೇ ಮಾತಲ್ಲಿ ದಾಟಿಸಿದ್ದು. ಬಾವಿ ನೀರು! ಕೋಡಿಬಾಗದ ಬಾವಿ, ಅದೂ ಏಪ್ರಿಲ್ ತಿಂಗಳು. ಬೇಸಿಗೆಯಲ್ಲಿ ಆ ಕಡೆ ಎಷ್ಟು ಮನೆಯ ಬಾವಿಯಲ್ಲಿ ಚಹಾ ಮಾಡಲಿಕ್ಕಾಗ್ತದೆ ಹೇಳು? ಒಂದು ಕೆಲಸ ಮಾಡು. ಕಪ್ಪು ಗಾಜೋ, ಆಫ್ ಆದ ಮೊಬೈಲ್ ಪರದೆಯೋ ತಗೋ. ಒಂದು ಹನಿ ಬಾವಿ ನೀರು, ಒಂದು ಹನಿ ನಳದ ನೀರು, ಒಂದು ಹನಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಒರೆಸದೆ ಆರಲಿಕ್ಕೆ ಬಿಡು. ಏನು ಉಳಿಯಿತು ಅಂತ ಇಲ್ಲಿ ಬರಿ.

ಇನ್ನು ಮಾಡುವ ಕ್ರಮ. ಲಿಪ್ ಮೇಲೆ ಆನೋಡೈಸ್ ಪೊರೆ (ಕಾರ್ಖಾನೆಯಲ್ಲಿ ಕರೆಂಟ್ ಹಾಯಿಸಿ ಕಟ್ಟಿಸಿದ ಗಟ್ಟಿ ಪೊರೆ) ಇನ್ನೂ ಇದೆಯಾ ಅಂತ ಮಲ್ಟಿಮೀಟರ್‌ನಲ್ಲಿ ಗೊತ್ತಾಗ್ತದೆ. ಕಂಟಿನ್ಯುಟಿಗೆ ಇಟ್ಟು ಎರಡೂ ಮುಳ್ಳು ಲಿಪ್ ಮೇಲೆ ಮೆಲ್ಲಗೆ ತಾಗಿಸು. ಬೀಪ್ ಅಂದರೆ ಬರೀ ಲೋಹ. ಸುಮ್ಮನಿದ್ದರೆ ಪೊರೆ ಇದೆ, ಇಲ್ಲವೇ ಹಳೇ ಲ್ಯಾಕರ್ ಇದೆ. ಅರ್ಧ ಪೊರೆ ಅರ್ಧ ಲೋಹದ ಮೇಲೆ ಎಷ್ಟು ತಿಕ್ಕಿದರೂ ತೇಪೆ ತೇಪೆಯಾಗಿಯೇ ಕಾಣ್ತದೆ. ಕಾಸ್ಟಿಕ್ ಸೋಡಾ ಹಾಕಿ ಪೊರೆ ತೆಗೆಯುವವರಿದ್ದಾರೆ. ಅದು ಪೊರೆಯ ಜೊತೆ ಲೋಹವನ್ನೂ ತಿಂತದೆ, ಬರುವ ಗುಳ್ಳೆ ಹೈಡ್ರೋಜನ್, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಜಗಲಿಯಲ್ಲಿ ಕೂತು ಮಾಡುವ ಕೆಲಸ ಅದಲ್ಲ. ನೀನು ಪೇಪರ್‌ನಲ್ಲೇ ತೆಗಿ, ಕೈ ನೋವಾಗ್ತದೆ, ಆದರೂ ಅದೇ ಸರಿ.

400ರಿಂದ ಶುರು ಮಾಡು, ಗುಳಿ ಆಳ ಇದ್ದಲ್ಲಿ 320. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. 400ರಲ್ಲಿ ಸುತ್ತಿನ ದಿಕ್ಕಿಗೆ ತಿಕ್ಕಿದರೆ 600ರಲ್ಲಿ ಓರೆಯಾಗಿ ತಿಕ್ಕು, ಹಿಂದಿನ ಗೀರು ಒಂದೂ ಉಳಿದಿಲ್ಲ ಅಂತ ಕಂಡ ಮೇಲೆ ದಿಕ್ಕು ಬದಲಿಸಿ 800. ಹೀಗೇ 2000ದವರೆಗೆ. 400 ಮುಗಿದ ಮೇಲೆ ಮೊಬೈಲ್ ಕ್ಯಾಮರಾ ಝೂಮ್ ಮಾಡಿ ನೋಡು. ಕಪ್ಪು ಚುಕ್ಕಿ ಒಂದು ಕಂಡರೂ 600 ಮುಟ್ಟಬೇಡ. ನಾಲ್ಕರಲ್ಲಿ ಮೂರು ಪಾಲು ಹೊತ್ತು 400ರಲ್ಲೇ ಹೋಗಬೇಕು, ಹೊಳಪು ಬರುವುದು ಅಲ್ಲಿಂದಲೇ. ಹಾಗಂತ ಫುಟ್‌ಪಾತ್ ಕಲ್ಲಿಗೆ ಹೊಡೆದ ಆಳದ ಗಾಯ ಇದ್ದರೆ ಅದನ್ನು ಪೂರ್ತಿ ಮಾಯ ಮಾಡಲು ಹೋಗಬೇಡ, ಅಂಚು ತೆಳು ಆಗ್ತದೆ. ಧೂಳಿಗೆ ಮಾಸ್ಕ್ ಕಟ್ಟು. ಕಬ್ಬಿಣ ತಿಕ್ಕಿದ ಗ್ರೈಂಡರ್‌ನಲ್ಲಿ ಅಲ್ಯೂಮಿನಿಯಂ ತಿಕ್ಕಲೇಬೇಡ, ಎರಡೂ ಪುಡಿ ಸೇರಿ ಕಿಡಿ ಬಿದ್ದರೆ ಬೆಂಕಿ ಆರಿಸಲಿಕ್ಕೆ ಆಗೋದಿಲ್ಲ.

ಪಾಲಿಶ್‌ಗೆ ಮುಂಚೆ ಬಿಸಿನೀರು, ಹಲ್ಲುಜ್ಜುವ ಬ್ರಷ್ ಹಿಡಿದು ಗುಳಿ ಇದ್ದ ಜಾಗ ಎಲ್ಲ ಉಜ್ಜು. ಕೊನೆಯ ತೊಳೆತ ಬ್ಯಾಟರಿ ನೀರಲ್ಲೇ ಆಗಬೇಕು.

ಲ್ಯಾಕರ್ ಬಗ್ಗೆ ಸಿರ್ಸಿಯವರು ಬರೆದದ್ದು ಸರಿ ಇದೆ. ನಮ್ಮ ಕಡೆ ಲಿಪ್‌ಗೆ ಲ್ಯಾಕರ್ ನನಗೆ ಒಪ್ಪಿಗೆ ಇಲ್ಲ. ಬರೀ ಲೋಹ ಬಿಟ್ಟು ವ್ಯಾಕ್ಸ್ ಹಚ್ಚು, ತಿಂಗಳಿಗೊಮ್ಮೆ ಮತ್ತೆ ಹಚ್ಚು. ಮಂಕಾದರೆ ಅರ್ಧ ಗಂಟೆಯ ಕೈಕೆಲಸ. ಲ್ಯಾಕರ್ ಅಡಿ ತುಕ್ಕು ಬಂದರೆ ಮತ್ತೆ ನಾಲ್ಕು ಭಾನುವಾರ.

ಕಾಳಿದಂಡೆ, ಮೇ 13

ಮಾಮ, ತುಂಬ ಉಪಕಾರ ಆಯ್ತು. ಮೂರು ಹನಿ ನಿನ್ನೆ ರಾತ್ರಿ ಅಮ್ಮನ ಹಳೇ ಫೋನಿನ ಪರದೆ ಮೇಲೆ ಇಟ್ಟೆ. ಬೆಳಿಗ್ಗೆ ಬ್ಯಾಟರಿ ನೀರಿನ ಹನಿ ಎಲ್ಲಿತ್ತು ಅಂತಲೇ ತಿಳಿಯಲಿಲ್ಲ. ನಳದ ನೀರು ತೆಳ್ಳಗೆ ಒಂದು ಉಂಗುರ. ಬಾವಿ ನೀರಿನದ್ದು ದಪ್ಪ ಬಿಳಿ ಬಿಲ್ಲೆ, ಅಂಚಲ್ಲಿ ಸಣ್ಣ ಸಣ್ಣ ಹರಳು. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟು ನೋಡಿದೆ, ಉಪ್ಪೇ. ನಾಲ್ಕು ವಾರದ ಕೆಲಸದ ಮೇಲೆ ನಾನೇ ಕೈಯಾರೆ ಉಪ್ಪುನೀರು ಸುರಿದಿದ್ದೇನೆ.

ಮಲ್ಟಿಮೀಟರ್ ನಾನು ಪಾಲಿಶ್ ಮಾಡಿದ್ದರಲ್ಲಿ ಎಲ್ಲ ಕಡೆ ಬೀಪ್ ಅಂತು, ಮುಟ್ಟದ ಮೂರರಲ್ಲಿ ಅಲ್ಲಲ್ಲಿ ಮಾತ್ರ.

ಇನ್ನೊಂದು ವಿಷಯ. ಬೋಲ್ಟಿನ ಬುಡದಲ್ಲೂ ಬಿಳಿ ಹಿಟ್ಟು ಇದೆ. ಹಾಗಾದರೆ ತುಂಡು ಬಿಚ್ಚಲೇಬೇಕಾ?

ಟೈರ್ ಹೆದ್ದಾರಿ (ಅಂಕೋಲಾ), ಮೇ 13

ಹೆದ್ದಾರಿ 66ರ ಪಕ್ಕ ಟೈರ್ ಕೆಲಸ ಮಾಡ್ತೇನೆ, ಇದೊಂದು ಮಾತು ಹೇಳದಿದ್ದರೆ ಮನಸ್ಸು ತಡೆಯೋದಿಲ್ಲ. ಈ ಥರ ವೀಲ್‌ನ ಸುತ್ತಿನ ಬೋಲ್ಟ್‌ಗೆ ಟೈರ್‌ನಲ್ಲಿ ಗಾಳಿ ಇರುವಾಗ ಪಾನಾ ಹಾಕಲೇಬಾರದು. ಗಾಳಿ ತೆಗೆದು, ಟೈರನ್ನೇ ಬಿಚ್ಚಿ, ಆಮೇಲೆ ಬೋಲ್ಟ್. ಗಾಳಿ ಒತ್ತಡದಲ್ಲಿ ಲಿಪ್, ಬ್ಯಾರಲ್ ಬೇರೆಯಾದರೆ ಎದುರಿಗಿದ್ದವನಿಗೆ ತಪ್ಪಿಸಿಕೊಳ್ಳಲು ಹೊತ್ತು ಸಿಗೋದಿಲ್ಲ. ನೀವು ಟೈರ್ ಬಿಚ್ಚಿಸಿಯೇ ಶುರು ಮಾಡಿದ್ದೀರಿ, ಒಳ್ಳೇದಾಯ್ತು, ಆದರೆ ಇದನ್ನು ಓದುವ ಬೇರೆಯವರಿಗೆ ಗೊತ್ತಿರಲಿ.

ಟೈರ್ ಕೂರುವ ಒಳ ಅಂಚನ್ನು ಕನ್ನಡಿ ಮಾಡಬೇಡಿ ಮಾರಾಯ್ರೆ. ಅಲ್ಲಿ ಹಳೇ ರಬ್ಬರ್, ಬಿಳಿ ಪುಡಿ ತೆಗೆದು ಸಾಫ್ ಮಾಡಿದರೆ ಸಾಕು. ನಿಮ್ಮ ಸಿಟಿಯ ಹಬ್ (ವೀಲಿನ ನಡುತೂತು ಕೂರುವ ಉಬ್ಬು) 56.1 ಮಿಲಿಮೀಟರ್. ನಿಮ್ಮ ವೀಲಿನ ನಡುತೂತು ದೊಡ್ಡದಿದ್ದರೆ ಸರಿಯಾದ ರಿಂಗ್ ಹಾಕಿ, ಇಲ್ಲದಿದ್ದರೆ ಸ್ಟಿಯರಿಂಗ್ ನಡುಗಿ ಬ್ಯಾಲೆನ್ಸಿಂಗ್ ಮಾಡಿದವನ ಮೇಲೆ ಸಿಟ್ಟು ಬರ್ತದೆ.

ಲೇಥ್ ಮಾಮ, ಮೇ 14

ಟೈರ್‌ನವರ ಮಾತು ಎರಡು ಸಲ ಓದು.

ಬೋಲ್ಟ್ ಉಕ್ಕಿನದು, ವೀಲ್ ಅಲ್ಯೂಮಿನಿಯಂ. ನಡುವೆ ಉಪ್ಪುನೀರು ಬಂದರೆ ಬ್ಯಾಟರಿ ಆದ ಹಾಗೆ, ಸವೆಯುವುದು ಅಲ್ಯೂಮಿನಿಯಂ. ಹಿಟ್ಟು ಬರೀ ತಲೆಯ ಸುತ್ತ ಇದ್ದು, ಟೈರ್ ಹಾಕಿದಾಗ ಗಾಳಿ ನಿಲ್ತಾ ಇದ್ದರೆ ಬಿಚ್ಚದೆ ಬ್ರಷ್‌ನಲ್ಲೇ ತೆಗಿ. ತುಂಡುಗಳ ಸಂದಿಯಿಂದಲೇ ಹಿಟ್ಟು ಬರ್ತಾ ಇದ್ದರೆ ಬಿಚ್ಚಬೇಕು. ಬಿಚ್ಚುವ ಮುಂಚೆ ಮೂರೂ ತುಂಡಿಗೆ ಅಡ್ಡವಾಗಿ ಮಾರ್ಕರ್ ಗೆರೆ ಎಳಿ, ವಾಲ್ವ್ ತೂತು ಎಲ್ಲಿತ್ತು ಅಂತ ಫೋಟೋ ತೆಗಿ. ಬೋಲ್ಟ್ ಜಾಮ್ ಆಗಿದ್ದರೆ ಡಬ್ಲ್ಯುಡಿ-40 ಹಾಕಿ ರಾತ್ರಿ ಇಡು. ತಲೆಯ ಮೂಲೆಗಳಿಗೆ ಸರಿಯಾಗಿ ಕೂರುವ ಸಾಕೆಟ್ ಬೇಕು, ಸಡಿಲು ಸಾಕೆಟ್ ಹಾಕಿ ಉರುಟು ಮಾಡಿದರೆ ಮುಗಿಯಿತು. ತುಂಡಾದ ಬೋಲ್ಟ್ ಬದಲಿಗೆ ಹಾರ್ಡ್‌ವೇರ್ ಅಂಗಡಿಯ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಬೇಡ. ಅದೇ ಗ್ರೇಡ್, ಅದೇ ಉದ್ದ ಬೇಕು.

ಬಿಚ್ಚಿದ ಮೇಲೆ ಬೋಲ್ಟ್ ತೂತುಗಳ ಸುತ್ತ ಬಿರುಕು ಇದೆಯಾ ಅಂತ ಡೈ ಪೆನಿಟ್ರಂಟ್ ಹಾಕಿ ನೋಡು. ಕೆಂಪು ಬಣ್ಣ ಹೊಡೆದು, ಒರೆಸಿ, ಬಿಳಿ ಹೊಡೆಯೋದು. ಬಿರುಕು ಇದ್ದರೆ ಬಿಳಿ ಮೇಲೆ ಕೆಂಪು ಗೆರೆ ತಾನೇ ಎದ್ದು ಬರ್ತದೆ. ಬಂದರೆ ಆ ತುಂಡು ಗುಜರಿಗೆ, ವೆಲ್ಡಿಂಗ್ ಮಾಡಿಸಿ ಓಡಿಸುವ ಮಾತು ಬೇಡ.

ಕೂಡಿಸುವಾಗ ಸಿಲಿಕಾನ್ ವಾಸನೆ ನೋಡಿ ತಗೋ. ವಿನೆಗರ್ ಹಾಗೆ ಹುಳಿ ವಾಸನೆ ಬರುವುದು ಅಲ್ಯೂಮಿನಿಯಂ ತಿಂತದೆ, ನ್ಯೂಟ್ರಲ್ ಅಂತ ಬರೆದದ್ದೇ ಬೇಕು. ಅದು ಗಟ್ಟಿಯಾಗೋದು ಗಾಳಿಯ ತೇವದಿಂದ, ಆದ್ದರಿಂದ ಮಳೆಗಾಲಕ್ಕೆ ಹೆದರಬೇಡ. ಆದರೂ ಒಂದು ಇಡೀ ದಿನ ಮುಟ್ಟದೆ ಬಿಡು.

ಕಾಳಿದಂಡೆ, ಜುಲೈ 20

ತಡವಾಗಿ ಬರೀತಾ ಇದ್ದೇನೆ. ಮೊದಲನೇ ವೀಲ್ ಮತ್ತೆ 400ರಿಂದ ಮಾಡಿದೆ. ಆರು ಭಾನುವಾರ ಹಿಡಿಯಿತು, ನಾಲ್ಕು ಬರೀ 400ಕ್ಕೇ. ಅದೇ ಬೆಡ್‌ಶೀಟ್, ಅದೇ ಜಗಲಿ, ಆದರೆ ಕೊನೆಯ ತೊಳೆತ ಬ್ಯಾಟರಿ ನೀರಲ್ಲಿ. ಹೊರಗೆ ಮಳೆ ಬಿಟ್ಟೂ ಬಿಡದೆ ಹೊಯ್ತಾ ಇದೆ, ಗೋಡೆಗೆ ಬೂಸ್ಟು ಬಂದಿದೆ, ಈ ಲಿಪ್‌ನಲ್ಲಿ ಇವತ್ತಿಗೆ ಮೂರು ವಾರ ದಾಟಿದರೂ ಒಂದು ಚುಕ್ಕಿ ಇಲ್ಲ. ಅಪ್ಪನಿಗೆ ಈಗ ಕಣ್ಣು ಅಷ್ಟು ಕಾಣೋದಿಲ್ಲ. ಹೆಬ್ಬೆರಳಲ್ಲಿ ಸುತ್ತ ಸವರಿ, ಒಂದು ಕಡೆ ನಿಲ್ಲಿಸಿ, "ಇಲ್ಲಿ ಒಂದು ಗೀರು ಉಳಿದಿದೆ" ಅಂದರು. ಇತ್ತು, 600ರದ್ದು.

ಎರಡನೇ ವೀಲ್‌ನಲ್ಲಿ ಸಂದಿಯಿಂದಲೇ ಹಿಟ್ಟು ಬರ್ತಾ ಇತ್ತು, ಬಿಚ್ಚಿದೆ. 24ರಲ್ಲಿ ಮೂರು ಬೋಲ್ಟ್ ತುಂಡಾದವು. ಬಿರುಕು ಇಲ್ಲ. ಅದೇ ಗ್ರೇಡ್‌ನ ಹೊಸ 24 ತರಿಸಿದ್ದೇನೆ. ಬಿಗಿ ಮಾಡುವುದರಲ್ಲಿ ಏನಾದರೂ ವಿಶೇಷ ಇದೆಯಾ ಮಾಮ?

ಲೇಥ್ ಮಾಮ, ಜುಲೈ 20

ಟಾರ್ಕ್ ಪಾನಾ (ಎಷ್ಟು ಬಿಗಿ ಆಯ್ತು ಅಂತ ಅಳೆಯುವ ಪಾನಾ) ಇಲ್ಲದೆ ಶುರು ಮಾಡಬೇಡ. ಚಕ್ರದ ನಟ್‌ಗೆ ಹಾಕುವ ಬಿಗಿ ಇದಕ್ಕೆ ಹಾಕಿದರೆ ಸಣ್ಣ ಬೋಲ್ಟ್ ಕತ್ತರಿಸಿ ಹೋಗ್ತದೆ, ತಯಾರಿಸಿದವರು ಕೊಟ್ಟ ಅಂಕಿಯನ್ನೇ ಹಿಡಿ. ಎದುರು ಬದುರು ಹೋಗು, ಮೊದಲ ಸುತ್ತು ಅರ್ಧ ಬಿಗಿ, ಎರಡನೇ ಸುತ್ತು ಪೂರ್ತಿ. ಟೈರ್ ಹಾಕಿಸಿ ಗಾಳಿ ತುಂಬಿದ ಮೇಲೆ ಸಂದಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರ್ತದಾ ನೋಡು. ಪ್ರತಿ ಬೋಲ್ಟ್ ತಲೆಯಿಂದ ವೀಲ್ ಮೇಲೆ ದಾಟುವ ಹಾಗೆ ಬಣ್ಣದ ಸಣ್ಣ ಗೆರೆ ಎಳೆದಿಡು. ಅಂಕೋಲಾಕ್ಕೆ ಎರಡು ಸಲ ಹೋಗಿ ಬಂದು ನೋಡು, ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಲೆಕ್ಕ.

ಆ 600ರ ಗೀರು ಹಾಗೇ ಬಿಡಬೇಡ. ಅಷ್ಟೇ ಜಾಗವನ್ನು 800ರಿಂದ ಮತ್ತೆ ಹಿಡಿ.