ಮನೆಯಲ್ಲೇ ಬೈಕು ಎತ್ತಿ ನಿಲ್ಲಿಸುವುದು: ಯಾವ ಲಿಫ್ಟ್, ಎಂಥ ನೆಲ?

ಪ್ರಶ್ನೆ (ಶಿರಸಿ ಸಮೀಪದ ಹಳ್ಳಿಯಿಂದ, ನಿವೃತ್ತ ಶಿಕ್ಷಕರು):

ನಮಸ್ಕಾರ. ನಮ್ಮ ಮನೆಯಲ್ಲಿ ನನ್ನದೊಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮತ್ತು ಮಗನದೊಂದು ಹಳೆಯ ಕೆಟಿಎಂ ಡ್ಯೂಕ್ 200 ಇವೆ. ಚೈನ್ ತೊಳೆಯುವುದು, ಬ್ರೇಕ್ ಪ್ಯಾಡ್ ಬದಲಿಸುವುದು, ಚಕ್ರ ಬಿಚ್ಚಿ ಬೇರಿಂಗ್ ನೋಡುವುದು, ಇಂಥ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದು ಯೋಚಿಸಿದ್ದೇವೆ. 500 ಕಿಲೋ ಸಾಮರ್ಥ್ಯದ, ಸ್ಕ್ರೂ ತಿರುಗಿಸಿದರೆ ಕತ್ತರಿಯಂತೆ ಏರುವ ಸಿಸರ್ ಜಾಕ್ ಒಂದನ್ನು ನೋಡಿಟ್ಟಿದ್ದೇವೆ. ಎರಡೂ ಬೈಕುಗಳು 200 ಕಿಲೋ ಒಳಗೇ ಇರುವುದರಿಂದ ಅದು ಧಾರಾಳವಾಯಿತು ಎಂಬುದು ಮಗನ ವಾದ. ಕೆಲಸದ ಜಾಗವೆಂದರೆ ಅಡಿಕೆ ಅಂಗಳಕ್ಕೆ ಹೊಂದಿಕೊಂಡ ಚಪ್ಪರ. ಅದರ ಅರ್ಧ ಮಣ್ಣಿನ ನೆಲ, ಅರ್ಧ ಸಿಮೆಂಟ್ ನೆಲ. ಆ ಜಾಕ್ ಕೊಳ್ಳಬಹುದೇ?

ಉತ್ತರ (ಕಾರವಾರದ ದ್ವಿಚಕ್ರ ವಾಹನ ಮೆಕ್ಯಾನಿಕ್):

ಮಾಸ್ತರೇ, ನಮಸ್ಕಾರ. ಜಾಕಿನ ಮೇಲೆ ಬರೆದ 500 ಕಿಲೋ ಎಂಬ ಅಂಕಿ ಅದರ ಕಬ್ಬಿಣ ಮತ್ತು ಸ್ಕ್ರೂ ಎಷ್ಟು ಭಾರವನ್ನು ತಡೆಯುತ್ತವೆ ಎಂಬುದನ್ನಷ್ಟೇ ಹೇಳುತ್ತದೆ. ಅದರ ಮೇಲೆ ಕೂತ ಬೈಕು ಪಕ್ಕಕ್ಕೆ ವಾಲುವುದಿಲ್ಲ ಎಂಬ ಭರವಸೆ ಆ ಅಂಕಿಯಲ್ಲಿ ಇಲ್ಲ. ಜಾಕ್ ಮುರಿದು ಬೈಕು ಬೀಳುವುದು ಅಪರೂಪ. ಹೆಚ್ಚಾಗಿ ಬೀಳುವುದು ವಾಲಿ, ಇಲ್ಲವೇ ಜಾರಿ. ಆದ್ದರಿಂದ ಸಾಮರ್ಥ್ಯ ಬೈಕಿನ ತೂಕದ ಒಂದೂವರೆ ಪಟ್ಟಾದರೂ ಇದೆಯೇ ಎಂದು ಖಾತರಿ ಮಾಡಿಕೊಂಡ ಮೇಲೆ ಆ ಅಂಕಿಯನ್ನು ಬದಿಗಿಟ್ಟು, ಜಾಕಿನ ತಳದ ಅಗಲವನ್ನೂ ಮೇಲಿನ ತಟ್ಟೆಯ ಅಗಲವನ್ನೂ ಅಳೆಯಿರಿ.

ಒಂದು ಸಣ್ಣ ಲೆಕ್ಕ ನೋಡೋಣ. ಬೈಕಿನ ಗುರುತ್ವ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಮೇಲಿದೆ, ಜಾಕಿನ ತಳ 40 ಸೆಂಟಿಮೀಟರ್ ಅಗಲವಿದೆ ಎಂದು ಇಟ್ಟುಕೊಳ್ಳಿ. ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಿದಾಗ, ಬೈಕು ಸುಮಾರು 18 ಡಿಗ್ರಿ ವಾಲಿದ ಮೇಲೆಯೇ ಮಗುಚುವ ಸ್ಥಿತಿಗೆ ಬರುತ್ತದೆ. ಅದೇ ಬೈಕನ್ನು ಇನ್ನೂ 30 ಸೆಂಟಿಮೀಟರ್ ಮೇಲೆತ್ತಿದರೆ ಈ ಅವಕಾಶ 12 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೇಲಿನ ತಟ್ಟೆ ಕಿರಿದಾಗಿದ್ದರೆ ಬೈಕು ತಟ್ಟೆಯ ಅಂಚಿನ ಮೇಲೇ ಉರುಳಬಹುದು; ಆಗ ತಳ ಎಷ್ಟು ಅಗಲವಿದ್ದೂ ಪ್ರಯೋಜನವಿಲ್ಲ. ಬಿಗಿದ ನಟ್ಟಿಗೆ ಪಾನಾ ಹಾಕಿ ಒಬ್ಬ ಗಟ್ಟಿಮುಟ್ಟಾದ ಹುಡುಗ ಜಗ್ಗುವಾಗ ಹತ್ತು-ಹನ್ನೆರಡು ಡಿಗ್ರಿ ದೊಡ್ಡ ಅವಕಾಶವೇನಲ್ಲ. ಹೀಗಾಗಿ ಚಕ್ರ ನೆಲ ಬಿಟ್ಟು ಎರಡು ಬೆರಳು ಮೇಲೆ ಬಂದರೆ ಸಾಕು ಎನ್ನುವ ಕೆಲಸಕ್ಕೆ ಅದಕ್ಕಿಂತ ಮೇಲೆ ಎತ್ತಬೇಡಿ. ಚಕ್ರದ ಅಚ್ಚನ್ನು ಹಿಡಿದಿಡುವ ಆಕ್ಸಲ್ ನಟ್ ಮೊದಲಾದ ಬಿಗಿ ನಟ್ಟುಗಳನ್ನು, ಎರಡೂ ಚಕ್ರಗಳು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಟ್ಟುಕೊಂಡು, ಆಮೇಲೆ ಎತ್ತಿರಿ.

ಇನ್ನು ನಿಮ್ಮ ಎರಡು ಬೈಕುಗಳ ವಿಚಾರ. ಎರಡಕ್ಕೂ ಒಂದೇ ಸಲಕರಣೆ ಹೊಂದುವುದಿಲ್ಲ.

ಕ್ಲಾಸಿಕ್ 350 ಸುಮಾರು 195 ಕಿಲೋ ತೂಗುತ್ತದೆ, ಮತ್ತು ಅದಕ್ಕೆ ಡಬಲ್ ಸ್ಟ್ಯಾಂಡ್ ಇದೆ. ಹಿಂದಿನ ಚಕ್ರ, ಚೈನ್, ಹಿಂದಿನ ಬ್ರೇಕ್ ಇವಿಷ್ಟಕ್ಕೂ ಆ ಸ್ಟ್ಯಾಂಡೇ ಸಾಕು. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಡಬಲ್ ಸ್ಟ್ಯಾಂಡಿನ ದೌರ್ಬಲ್ಯ ಒಂದೇ: ಬೈಕು ಮುಂದಕ್ಕೆ ಸರಿದರೆ ಅದು ಮಡಚಿಕೊಳ್ಳುತ್ತದೆ. ಮುಂದಿನ ಬ್ರೇಕ್ ಲಿವರನ್ನು ಹಿಡಿಕೆಗೆ ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಮುಂದಿನ ಚಕ್ರದ ಎದುರಿಗೆ ಮರದ ಅಡ್ಡೆ ಕೊಡಿ. ಸ್ಟ್ಯಾಂಡಿನ ಕಾಲುಗಳು ಹಿಂದಕ್ಕೆ ಹೋಗದಂತೆ ಅವುಗಳನ್ನು ಚಾಸಿಯ ಮುಂಭಾಗದ ಪೈಪಿಗೆ ಬೆಲ್ಟಿನಿಂದ ಬಿಗಿದರೆ ಇನ್ನೂ ಒಳ್ಳೆಯದು. ಮುಂದಿನ ಚಕ್ರ ಬಿಚ್ಚಬೇಕಾದಾಗ ಬ್ರೇಕ್ ಕಟ್ಟಿ ಉಪಯೋಗವಿಲ್ಲದ ಕಾರಣ ಈ ಬೆಲ್ಟ್ ಅನಿವಾರ್ಯವೇ ಆಗುತ್ತದೆ. ಆ ಕೆಲಸಕ್ಕೆ ಬೈಕು ಡಬಲ್ ಸ್ಟ್ಯಾಂಡಿನ ಮೇಲೆ ಇದ್ದಂತೆಯೇ ಎಂಜಿನ್ನಿನ ಮುಂಭಾಗದ ಕೆಳಗೆ ಸಿಸರ್ ಜಾಕ್ ಇಟ್ಟು ಮೂತಿಯನ್ನಷ್ಟೇ ಮೇಲೆತ್ತಿರಿ. ಆಗ ಭಾರ ಸ್ಟ್ಯಾಂಡಿಗೂ ಜಾಕಿಗೂ ಹಂಚಿಹೋಗಿ, ಜಾಕಿನ ಪಾಲಿಗೆ ಬರುವುದು ಸ್ವಲ್ಪವೇ. ಪಕ್ಕಕ್ಕೆ ವಾಲದಂತೆ ಸ್ಟ್ಯಾಂಡಿನ ಎರಡು ಕಾಲುಗಳು ತಡೆಯುತ್ತವೆ. ಮನೆಯಲ್ಲಿ ಸಿಸರ್ ಜಾಕನ್ನು ಬಳಸುವುದಾದರೆ ಹೀಗೆ ಬಳಸುವುದನ್ನೇ ನಾನು ಒಪ್ಪುತ್ತೇನೆ. ಇಡೀ ಬೈಕನ್ನು ಅದೊಂದರ ಮೇಲೆಯೇ ಹೊರಿಸುವುದಾದರೆ ನಾಲ್ಕೂ ದಿಕ್ಕಿಗೆ ಬೆಲ್ಟ್ ಬಿಗಿದಿರಬೇಕು.

ಜಾಕಿನ ತಟ್ಟೆ ಎಲ್ಲಿ ಕೂರುತ್ತದೆ ಎಂಬುದನ್ನು ಅಂಗಾತ ಮಲಗಿ ಟಾರ್ಚ್ ಹಿಡಿದು ನೋಡಿಯೇ ತೀರ್ಮಾನಿಸಬೇಕು. ಎಂಜಿನ್ನಿನ ಕೆಳಗೆ ಚಾಸಿಯ ಎರಡು ಪೈಪುಗಳು ಹಾದುಹೋಗಿದ್ದರೆ ಭಾರ ಆ ಪೈಪುಗಳ ಮೇಲೆ ಬರಲಿ. ಆಯಿಲ್ ಡ್ರೇನ್ ಬೋಲ್ಟ್, ಫಿಲ್ಟರ್ ಮುಚ್ಚಳ, ಸೈಲೆನ್ಸರ್ ಪೈಪ್ ಇವುಗಳ ಮೇಲೆ ಒಂದು ಕಿಲೋ ಭಾರವೂ ಬೀಳಬಾರದು. ಪೈಪುಗಳಿಲ್ಲದ ವಿನ್ಯಾಸವಾದರೆ ಎಂಜಿನ್ನಿನ ತಳದಲ್ಲಿ ದಪ್ಪನೆಯ, ಸಮತಟ್ಟಾದ ಭಾಗವನ್ನು ಹುಡುಕಿ, ಅದರ ಆಕಾರಕ್ಕೆ ಕೊರೆದ ಗಟ್ಟಿಮರದ ತುಂಡನ್ನೂ ರಬ್ಬರನ್ನೂ ನಡುವೆ ಇಡಬೇಕು. ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಎತ್ತುವ ಜಾಗವನ್ನು ತೋರಿಸಿದ್ದರೆ ಅದೇ ಅಂತಿಮ.

ಡ್ಯೂಕ್ 200ರ ಕಥೆ ಬೇರೆ. ಹಳೆಯ ಮಾದರಿಯಲ್ಲಿ ಸೈಲೆನ್ಸರ್ ಡಬ್ಬಿ ಎಂಜಿನ್ನಿನ ಹೊಟ್ಟೆಯ ಕೆಳಗೇ ಇರುವುದರಿಂದ ಸಿಸರ್ ಜಾಕ್ ಕೂರಿಸಲು ಅಲ್ಲಿ ಜಾಗವಿಲ್ಲ. ಕೂರಿಸಿದರೆ ಸೈಲೆನ್ಸರ್ ನಜ್ಜುಗುಜ್ಜಾಗುತ್ತದೆ. ಡಬಲ್ ಸ್ಟ್ಯಾಂಡೂ ಇಲ್ಲ. ಆದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮಿನ ಎರಡೂ ಬದಿಗೆ ಸ್ಪೂಲ್ (ಸ್ಟ್ಯಾಂಡಿನ ಕೊಕ್ಕೆ ಸಿಕ್ಕಿಸುವ ಸಣ್ಣ ಗುಬುಟು) ಕೂರಿಸುವ ಬೋಲ್ಟ್ ರಂಧ್ರಗಳಿವೆ. ಅಲ್ಲಿ ಸ್ಪೂಲ್ ಹಾಕಿ, ‘ವಿ’ ಆಕಾರದ ಕೊಕ್ಕೆಗಳಿರುವ ಹಿಂದಿನ ಪ್ಯಾಡಾಕ್ ಸ್ಟ್ಯಾಂಡ್ (ಹಿಡಿ ಒತ್ತಿ ಬೈಕಿನ ಹಿಂಬದಿಯನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಚೌಕಟ್ಟು) ಕೊಳ್ಳಿರಿ. ಸ್ಪೂಲಿನ ಬೋಲ್ಟ್ 6, 8, 10 ಮಿಲಿಮೀಟರ್ ಎಂದು ಬೈಕಿನಿಂದ ಬೈಕಿಗೆ ಬದಲಾಗುವ ಕಾರಣ, ಅಳೆದ ಮೇಲೆಯೇ ತರಿಸಿರಿ. ‘ಎಲ್’ ಆಕಾರದ ರಬ್ಬರ್ ಪಟ್ಟಿಯ ಸ್ಟ್ಯಾಂಡೂ ಸಿಗುತ್ತದೆ, ಆದರೆ ಅದು ಸ್ವಿಂಗ್‌ಆರ್ಮಿನ ಕೆಳಗೆ ಸುಮ್ಮನೆ ಆತುಕೊಂಡಿರುತ್ತದೆ. ಸ್ಪೂಲನ್ನು ಕಚ್ಚಿಕೊಳ್ಳುವ ‘ವಿ’ ಕೊಕ್ಕೆಯಷ್ಟು ಭದ್ರವಲ್ಲ.

ಪ್ಯಾಡಾಕ್ ಸ್ಟ್ಯಾಂಡ್ ಹಾಕುವಾಗ ಮೊದಲ ಕೆಲವು ಸಲ ಇಬ್ಬರು ಇರಲೇಬೇಕು. ಒಬ್ಬರು ಬೈಕನ್ನು ನೇರವಾಗಿ ಹಿಡಿದಿರಲಿ, ಸೈಡ್ ಸ್ಟ್ಯಾಂಡ್ ಇಳಿಸಿಯೇ ಇರಲಿ. ಇನ್ನೊಬ್ಬರು ಎರಡೂ ಕೊಕ್ಕೆಗಳು ಸ್ಪೂಲಿಗೆ ಕೂತಿವೆಯೇ ಎಂದು ನೋಡಿ, ಹಿಡಿಯನ್ನು ನೇರ ಕೆಳಕ್ಕೆ ಒತ್ತಲಿ. ಮುಂದಿನ ಚಕ್ರವನ್ನೂ ಎತ್ತಬೇಕಾದರೆ ಹಿಂದಿನದು ಮೊದಲು, ಮುಂದಿನದು ಆಮೇಲೆ; ಇಳಿಸುವಾಗ ಮುಂದಿನದು ಮೊದಲು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳಗೆ ಕೂರುವ ಮುಂದಿನ ಸ್ಟ್ಯಾಂಡ್ ಚಕ್ರ ಬಿಚ್ಚಲು ಸಾಕಾಗುತ್ತದೆ. ಆದರೆ ಫೋರ್ಕನ್ನೇ ಬಿಚ್ಚುವುದಾದರೆ ಬೈಕು ಯಾವುದರ ಮೇಲೆ ನಿಂತಿದೆಯೋ ಅದನ್ನೇ ಕಳಚಿದಂತಾಗುತ್ತದೆ. ಅದಕ್ಕೆ ಹ್ಯಾಂಡಲ್ ಬುಡದ ಸ್ಟೆಮ್ಮಿಗೆ ಕೂರುವ ಸ್ಟ್ಯಾಂಡ್ ಬೇಕು.

ನೆಲದ ಬಗ್ಗೆ ಹೇಳದೆ ಹೋದರೆ ಮೇಲಿನದೆಲ್ಲ ವ್ಯರ್ಥ. ನಿಮ್ಮ ಚಪ್ಪರದ ಮಣ್ಣಿನ ಅರ್ಧವನ್ನು ಮರೆತುಬಿಡಿ. ಒಣಗಿದಾಗ ಎಷ್ಟೇ ಗಟ್ಟಿಯಾಗಿ ಕಂಡರೂ, ಜಾಕಿನ ಒಂದು ಕಾಲು ಅರ್ಧ ಅಂಗುಲ ಕುಸಿದರೆ ಬೈಕು ಅತ್ತ ವಾಲಿ, ಭಾರ ಅದೇ ಕಾಲಿಗೆ ಹೆಚ್ಚಾಗಿ, ಅದು ಮತ್ತಷ್ಟು ಕುಸಿಯುತ್ತದೆ. ಸಿಮೆಂಟ್ ನೆಲದಲ್ಲಿಯೂ ನೀರು ಹರಿದುಹೋಗಲೆಂದು ಗಾರೆಯವರು ಇಳಿಜಾರು ಕೊಟ್ಟಿರುತ್ತಾರೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಬೈಕಿನ ಉದ್ದ ಇಳಿಜಾರಿನ ದಿಕ್ಕಿಗೇ ಬರುವಂತೆ, ಮೂತಿ ಏರುಮುಖವಾಗಿ ನಿಲ್ಲಿಸಿರಿ. ಅಡ್ಡ ಇಳಿಜಾರಿನಲ್ಲಿ ಎತ್ತಲೇಬೇಡಿ. ಕರಾವಳಿಯ ಓದುಗರಿಗೂ ಒಂದು ಮಾತು: ಚಿರೆಕಲ್ಲು ಹಾಸಿದ ಅಂಗಳದಲ್ಲಿ ಕಲ್ಲಿನ ಅಂಚು ಪುಡಿಯಾಗುತ್ತದೆ, ಇಂಟರ್‌ಲಾಕ್ ಹಾಸಿನಲ್ಲಿ ಒಂದೊಂದೇ ಬ್ಲಾಕ್ ಕುಸಿಯುತ್ತದೆ, ನುಣುಪಾದ ಟೈಲ್ಸ್ ಮೇಲೆ ಒಂದು ತೊಟ್ಟು ಆಯಿಲ್ ಬಿದ್ದರೂ ಸ್ಟ್ಯಾಂಡ್ ಜಾರುತ್ತದೆ. ಮೊದಲ ಎರಡು ನೆಲಗಳಿಗೆ 18 ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈವುಡ್ ಹಲಗೆ, ಟೈಲ್ಸ್ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿಕೊಳ್ಳಬಹುದು.

ಮಗನಿಗೆ ದಯವಿಟ್ಟು ಇದನ್ನು ಓದಿ ಹೇಳಿ: ಹಿಂದಿನ ಚಕ್ರ ಎತ್ತಿದ ಮೇಲೆ ಎಂಜಿನ್ ಚಾಲೂ ಮಾಡಿ, ಗೇರಿನಲ್ಲಿ ಚೈನ್ ತಿರುಗಿಸುತ್ತಾ ಬಟ್ಟೆಯಿಂದ ಒರೆಸಬಾರದು. ಬಟ್ಟೆಯ ಹಿಂದೆಯೇ ಬೆರಳೂ ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಎಂಜಿನ್ ಬಂದ್ ಮಾಡಿ, ನ್ಯೂಟ್ರಲಿನಲ್ಲಿ ಕೈಯಿಂದಲೇ ಚಕ್ರ ತಿರುಗಿಸಿದರೆ ಸಾಕು.

ಪ್ರಶ್ನೆ (ಕುಮಟಾದಿಂದ):

ಸರ್, ಪರಿಚಯದವರು ಗ್ಯಾರೇಜ್ ಮುಚ್ಚುವಾಗ ಹೈಡ್ರಾಲಿಕ್ ಲಿಫ್ಟ್ ಒಂದನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದಿದ್ದಾರೆ. ಕಾಲಿನಿಂದ ಒತ್ತಿ ಏರಿಸುವಂಥದು. ನಮ್ಮ ಮನೆ ಸಮುದ್ರಕ್ಕೆ ತೀರಾ ಹತ್ತಿರ. ತೆಗೆದುಕೊಳ್ಳಬಹುದೇ?

ಉತ್ತರ:

ನೋಡಿ, ಪರೀಕ್ಷಿಸಿ ತೆಗೆದುಕೊಳ್ಳಬಹುದು. ಹೈಡ್ರಾಲಿಕ್ ಲಿಫ್ಟಿನಲ್ಲಿ ಭಾರವನ್ನು ಹೊತ್ತಿರುವುದು ಎಣ್ಣೆ, ಆ ಎಣ್ಣೆಯನ್ನು ತಡೆದಿರುವುದು ಒಂದು ರಬ್ಬರ್ ಸೀಲ್. ಸೀಲ್ ಹೋದರೆ ಲಿಫ್ಟ್ ಇಳಿಯುತ್ತದೆ. ನಿಧಾನವಾಗಿಯೇ ಇಳಿಯುತ್ತದೆ ಎಂಬ ಖಾತರಿ ಇಲ್ಲ. ಆದ್ದರಿಂದ ಏರಿಸಿದ ಎತ್ತರದಲ್ಲಿ ಕಬ್ಬಿಣದ ಸರಳು ಅಥವಾ ಹಲ್ಲುಪಟ್ಟಿ ತಾನೇ ಭಾರ ಹೊರುವಂಥ ಲಾಕ್ ಇರಬೇಕು. ಅದಿಲ್ಲದ ಲಿಫ್ಟನ್ನು ಪುಕ್ಕಟೆ ಕೊಟ್ಟರೂ ಬೇಡ. ಲಾಕ್ ಇದ್ದರೂ, ಏರಿಸಿದ ಮೇಲೆ ಒತ್ತಡ ಬಿಟ್ಟು ಭಾರವನ್ನು ಲಾಕಿನ ಮೇಲೆ ಕೂರಿಸಿದ ನಂತರವೇ ಕೆಲಸ ಶುರುಮಾಡಬೇಕು. ಸ್ಕ್ರೂ ತಿರುಗಿಸುವ ಸಿಸರ್ ಜಾಕ್ ಈ ವಿಷಯದಲ್ಲಿ ಮೇಲು. ಅದರ ಸ್ಕ್ರೂವಿನ ಸುತ್ತುಗಳೇ ಭಾರವನ್ನು ಹಿಡಿದಿಡುತ್ತವೆ, ಹಿಡಿ ಬಿಟ್ಟರೆ ತಾನಾಗಿ ಇಳಿಯುವುದಿಲ್ಲ.

ಸಮುದ್ರದ ಗಾಳಿ ಇಂಥ ಲಿಫ್ಟಿಗೆ ಎರಡು ಕಡೆ ಹೊಡೆತ ಕೊಡುತ್ತದೆ. ಮೊದಲನೆಯದು ರಾಮ್ ಎನ್ನುವ ಹೊಳೆಯುವ ದಂಡ. ಅದರ ಕ್ರೋಮ್ ಲೇಪದಲ್ಲಿ ಉಪ್ಪಿನಿಂದ ಸೂಜಿಮೊನೆಯಷ್ಟು ಗುಳಿ ಬಿದ್ದರೂ, ಪ್ರತಿ ಸಲ ಏರಿಳಿಯುವಾಗ ಆ ಗುಳಿಯ ಅಂಚು ಸೀಲನ್ನು ಹರಿಯುತ್ತದೆ. ಪೂರ್ತಿ ಏರಿಸಿ, ಒಣಬಟ್ಟೆಯಿಂದ ಒರೆಸಿ, ಉಗುರನ್ನು ಆ ದಂಡದ ಉದ್ದಕ್ಕೂ ಎಳೆದು ನೋಡಿ. ಉಗುರು ಎಲ್ಲಿಯೂ ತಡೆಯಬಾರದು. ಕೊಂಡ ಮೇಲೆ ಯಾವಾಗಲೂ ಇಳಿಸಿಯೇ ಇಡಿ, ದಂಡ ಒಳಗಿದ್ದಷ್ಟೂ ಕ್ಷೇಮ. ಎರಡನೆಯದು ಪೈಪುಗಳ ಒಳಗಿನ ತುಕ್ಕು. ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಗೋಡೆ ತೆಳುವಾಗಿರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಂದು ಕಡೆ ನಾದ ಬದಲಾಗಿ ಮಂಕಾದರೆ, ಬಣ್ಣ ಗುಳ್ಳೆಯೆದ್ದಿದ್ದರೆ, ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಂಥ ಕಂದು ಗೆರೆ ಕಂಡರೆ ಬಿಟ್ಟುಬಿಡಿ.

ಪ್ರಶ್ನೆ (ಸಿದ್ದಾಪುರದಿಂದ):

ನಮ್ಮದು ಹಳೆಯ ಹೆಂಚಿನ ಮನೆ, ದಪ್ಪನೆಯ ತೊಲೆಗಳಿವೆ. ಚೈನ್ ಪುಲ್ಲಿ ಕಟ್ಟಿ ಬೈಕನ್ನು ತೊಲೆಗೇ ತೂಗುಹಾಕಿದರೆ ಲಿಫ್ಟೇ ಬೇಡವಲ್ಲ?

ಉತ್ತರ:

ಬೇಡ. ಪಕಾಸು, ರೀಪುಗಳ ಮೇಲೆ ಹರಡಿದ ಹೆಂಚಿನ ಭಾರವನ್ನು ಹೊರಲೆಂದು ಇಟ್ಟ ತೊಲೆ ಅದು. ನಡುವೆ ಒಂದೇ ಬಿಂದುವಿನಲ್ಲಿ ಜಗ್ಗುವ ಭಾರಕ್ಕೆ ಇಟ್ಟದ್ದಲ್ಲ. ಗೋಡೆಯೊಳಗೆ ಕೂತ ಅದರ ತುದಿಯಲ್ಲಿ ಒರಲೆ ಹಿಡಿದಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ತೂಗುವ ಬೈಕು ತಿರುಗುತ್ತದೆ ಕೂಡ. ಪಾನಾ ಹಾಕಲು ಆಗುವುದಿಲ್ಲ. ಸ್ಟ್ಯಾಂಡಿನ ಮೇಲೆ ನಿಂತ ಬೈಕಿನ ಹ್ಯಾಂಡಲ್ಲಿಗೆ ವಾಲದಂತೆ ಒಂದು ಬೆಲ್ಟನ್ನು ಗಟ್ಟಿ ತೊಲೆಗೆ ಕಟ್ಟಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಭಾರ ಮಾತ್ರ ನೆಲದ ಮೇಲೆಯೇ ಇರಲಿ.

ಪ್ರಶ್ನೆ (ಅಂಕೋಲಾದಿಂದ, ಪ್ರಾಥಮಿಕ ಶಾಲಾ ಶಿಕ್ಷಕಿ):

ನನ್ನ ಸ್ಕೂಟರ್ ಮಳೆಗಾಲದಲ್ಲಿ ವಾರಗಟ್ಟಲೆ ನಿಂತೇ ಇರುತ್ತದೆ. ಡಬಲ್ ಸ್ಟ್ಯಾಂಡಿನ ಮೇಲೆಯೇ ಬಿಡಬಹುದೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಉತ್ತರ:

ಬಿಡಬಹುದು ಅಕ್ಕೋರೇ, ಅದೇ ಒಳ್ಳೆಯದು. ಸ್ಟ್ಯಾಂಡಿನ ಎರಡೂ ಕಾಲುಗಳು ಗಟ್ಟಿ ನೆಲದ ಮೇಲಿರಲಿ, ಹ್ಯಾಂಡಲ್ ಲಾಕ್ ಹಾಕಿರಲಿ, ಮಕ್ಕಳು ಹತ್ತಿ ಕುಳಿತು ಮುಂದಕ್ಕೆ ತೂಗದಂತೆ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿರಿ. ಸ್ಟ್ಯಾಂಡಿನ ಸ್ಪ್ರಿಂಗ್ ಮತ್ತು ಪಿನ್ನಿಗೆ ಮಳೆ ಹಿಡಿಯುವ ಮೊದಲೇ ಗ್ರೀಸ್ ಹಚ್ಚಿಸಿ. ನಮ್ಮ ಕಡೆ ಸ್ಕೂಟರ್ ಸ್ಟ್ಯಾಂಡಿನಲ್ಲಿ ಮೊದಲು ತುಕ್ಕು ಹಿಡಿಯುವುದು ಆ ಪಿನ್ನಿಗೇ.

ಪ್ರಶ್ನೆ (ಹೊನ್ನಾವರದಿಂದ):

ಪ್ಯಾಡಾಕ್ ಸ್ಟ್ಯಾಂಡನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದರೆ ಹೇಗೆ?

ಉತ್ತರ:

ಒಳ್ಳೆಯ ಕೆಲಸಗಾರರಿದ್ದರೆ ಅಂಗಡಿಯ ಮಾಲಿಗಿಂತ ಗಟ್ಟಿಯಾದದ್ದೇ ಸಿಗುತ್ತದೆ. ಗೇಟಿಗೆ ಬಳಸುವ ತೆಳು ಪೈಪ್ ಬೇಡ. ಗೋಡೆ 2 ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಪೈಪನ್ನೇ ಕೇಳಿ. ಜೋಡಣೆಗಳಲ್ಲಿ ಸುತ್ತಲೂ ವೆಲ್ಡಿಂಗ್ ಮಾಡಿಸಿ, ಮೂಲೆಗಳಿಗೆ ತ್ರಿಕೋನದ ಪಟ್ಟಿ ಕೂರಿಸಿ, ಪೈಪಿನ ತುದಿಗಳನ್ನು ಮುಚ್ಚಿಸಿ, ಬಣ್ಣಕ್ಕೆ ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್ ಹಚ್ಚಿಸಿ. ಬೈಕಿಗೆ ಹಾಕುವ ಮೊದಲು ಭಾರ ಹೊರಿಸಿ ನೋಡಬೇಕು. ಸಿಮೆಂಟ್ ಚೀಲ ತಲಾ 50 ಕಿಲೋ ಇರುವುದರಿಂದ ಲೆಕ್ಕ ಸುಲಭ: ಹಿಂದಿನ ಸ್ಟ್ಯಾಂಡಿನ ಮೇಲೆ ಬರುವುದು ಬೈಕಿನ ತೂಕದ ಹೆಚ್ಚುಕಡಿಮೆ ಅರ್ಧ, ಪರೀಕ್ಷೆಗೆ ಅದರ ಎರಡು ಪಟ್ಟು ಹೊರಿಸಬೇಕು, ಆದ್ದರಿಂದ 200 ಕಿಲೋ ಬೈಕಿಗೆ ನಾಲ್ಕು ಚೀಲ. ಎರಡು ಕೊಕ್ಕೆಗಳ ಮೇಲೆ ಗಟ್ಟಿ ಸರಳು ಅಡ್ಡ ಇಟ್ಟು, ಚೀಲಗಳನ್ನು ಅದಕ್ಕೆ ಸಮನಾಗಿ ಹಂಚಿ ಕಟ್ಟಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೊಕ್ಕೆಗಳ ನಡುವಿನ ಅಂತರವನ್ನು ಮತ್ತೆ ಅಳೆಯಿರಿ. ಅಂತರ ಬದಲಾಗಿದ್ದರೆ ಅಂಗಡಿಗೆ ವಾಪಸು ಒಯ್ಯಿರಿ.

ಪ್ರಶ್ನೆ (ಶಿರಸಿಯ ಮಾಸ್ತರು, ಮತ್ತೊಮ್ಮೆ):

ಬಹಳ ಉಪಕಾರವಾಯಿತು. ಕೊನೆಯದಾಗಿ ಒಂದು ಸಂದೇಹ. ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಬೇಕೆಂದಿರಿ. ಬಿಗಿಯುವುದೂ ನೆಲದ ಮೇಲೆಯೇ?

ಉತ್ತರ:

ಹೌದು ಮಾಸ್ತರೇ. ಚೈನಿನ ಸಡಿಲವನ್ನು ಪುಸ್ತಕದಲ್ಲಿ ಹೇಳಿದ ಸ್ಥಿತಿಯಲ್ಲಿ ಸರಿಪಡಿಸಿಕೊಂಡು, ಆಕ್ಸಲ್ ನಟ್ಟನ್ನು ಚಕ್ರ ಅಲುಗದಷ್ಟು ಬಿಗಿದು, ಬೈಕನ್ನು ಇಳಿಸಿ, ಆಮೇಲೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಪೂರ್ತಿ ಬಿಗಿಯಿರಿ. ಡಿಸ್ಕ್ ಬ್ರೇಕಿನ ಪ್ಯಾಡ್ ಬದಲಿಸಿದ್ದರೆ, ಲಿವರ್ ಗಟ್ಟಿಯಾಗುವವರೆಗೆ ಬ್ರೇಕನ್ನು ಒತ್ತಿ ಒತ್ತಿ ಬಿಟ್ಟ ನಂತರವೇ ಬೈಕನ್ನು ಅಂಗಳ ದಾಟಿಸಿರಿ. ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಿ. ಮೊದಲ ಒಂದೆರಡು ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ.